ರಾಮಾಪುರ ರಸ್ತೆ, ಇನ್‌ಫೆಂಟ್ರಿ ರಸ್ತೆ

(ಅಜ್ಜೀಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)

ಬೆಂಗಳೂರು ನಗರ ಪೊಲೀಸ್ ಕಮಿಷನರ್ ಕಚೇರಿ ಇರುವುದು ಇನ್‌ಫೆಂಟ್ರಿ ರಸ್ತೆಯಲ್ಲಿ. 2008ರಿಂದ 2013ರವರೆಗೆ ಆ ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕುಳಿತವರು ಇಬ್ಬರು. ಮೊದಲು ಶಂಕರ ಬಿದರಿ, ಅವರ ಬೆನ್ನಿಗೇ ಜ್ಯೋತಿಪ್ರಕಾಶ್ ಮಿರ್ಜಿ. ಇಬ್ಬರೂ ಆ ಕುರ್ಚಿಗೆ ಬರುವ ಮೊದಲು ಮಾದಪ್ಪನ ಬೆಟ್ಟದ ಕಾಡಿನಲ್ಲಿ ವೀರಪ್ಪನ್ ಬೇಟೆಗೆಂದು ಕಟ್ಟಿದ ವಿಶೇಷ ಕಾರ್ಯಪಡೆಯನ್ನು ನಡೆಸಿದವರು. ಚೆನ್ನೈಯಲ್ಲಿ ಇದು ತಿರುಗುಮುರುಗಾಯಿತು. ಅಲ್ಲಿ ನಗರ ಪೊಲೀಸ್ ಕಮಿಷನರ್ ಆಗಿದ್ದ ಕೆ. ವಿಜಯಕುಮಾರ್ ಆಮೇಲೆ ತಮಿಳುನಾಡು ಕಾರ್ಯಪಡೆಯ ಮುಖ್ಯಸ್ಥರಾಗಿ ಇದೇ ಕಾಡಿಗೆ ಬಂದರು.

ಮೂವರು ಅಧಿಕಾರಿಗಳು, ಎರಡು ಮಹಾನಗರ, ಒಂದು ಕಾಡು. ಆ ಕಾಡಿನ ಅಂಚಿನಲ್ಲಿ ಅಜ್ಜೀಪುರವಿದೆ, ರಾಮಾಪುರವಿದೆ, ಮಾರ್ಟಳ್ಳಿಯಿದೆ.

ನಗರದ ಹಿರಿಯ ಪೊಲೀಸ್ ಅಧಿಕಾರಿಯೆಂದರೆ ಓದುಗರ ಕಣ್ಣಿಗೆ ಕಟ್ಟುವುದು ಪತ್ರಿಕಾಗೋಷ್ಠಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿದ ಕಳವು ಮಾಲು, ಹಿಂದೆ ನಿಂತ ಇನ್‌ಸ್ಪೆಕ್ಟರುಗಳು. ಆದರೆ ಅಂಥ ಅಧಿಕಾರಿಯ ವೃತ್ತಿಯನ್ನು ನಗರದಲ್ಲಿ ನಿಂತು ಓದಿದರೆ ಅರ್ಧ ಮಾತ್ರ ದಕ್ಕುತ್ತದೆ. ಬಿದರಿಯವರ ಹೆಸರು ರಾಜ್ಯಕ್ಕೆ ಗೊತ್ತಾದದ್ದು ಈ ಸೀಮೆಯಿಂದ. ಹದಿನಾರು ವರ್ಷಗಳ ನಂತರ ಅವರ ವೃತ್ತಿಯ ತುತ್ತತುದಿಯಲ್ಲಿ ಎದುರಾದ ಪ್ರಶ್ನೆಯೂ ಈ ಸೀಮೆಯಿಂದಲೇ ಹೋದದ್ದು. ಈ ಉಪನ್ಯಾಸದ ವಿಷಯ ಅದು.

ಬಾಗಲಕೋಟೆ ಜಿಲ್ಲೆಯ ಬನಹಟ್ಟಿ ನೇಕಾರರ ಊರು. ಬಿದರಿ ಅಲ್ಲಿಯವರು. ಟೆಲಿಫೋನ್ ಆಪರೇಟರ್ ಕೆಲಸದಿಂದ ದುಡಿಮೆ ಆರಂಭಿಸಿ, ಪರೀಕ್ಷೆಗಳನ್ನು ಒಂದೊಂದಾಗಿ ದಾಟಿ, 1978ರ ತಂಡದಲ್ಲಿ ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿಯಾದರು. ಮುಂದೆ ಅವರ ಮಗಳು ವಿಜಯಲಕ್ಷ್ಮಿ ಬಿದರಿ 2000ನೇ ಸಾಲಿನ ಕೇಂದ್ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದರು. ಇಲ್ಲಿನ ಹೈಸ್ಕೂಲು, ಕಾಲೇಜುಗಳಲ್ಲಿ ಪಿಎಸ್‌ಐ ಪರೀಕ್ಷೆಯ ಗೈಡು ಹಿಡಿದು ಕುಳಿತ ಹುಡುಗ ಹುಡುಗಿಯರಿಗೆ ಈ ಭಾಗ ಇಷ್ಟವಾಗುತ್ತದೆ. ಇಷ್ಟವಾಗಬೇಕಾದದ್ದೇ. ಆದರೆ ಪರೀಕ್ಷೆ ಪಾಸಾದ ಮೇಲಿನ ಮೂವತ್ತು ಚಿಲ್ಲರೆ ವರ್ಷಗಳ ಬಗ್ಗೆ ಗೈಡುಗಳಲ್ಲಿ ಏನೂ ಇರುವುದಿಲ್ಲ.

ಐಪಿಎಸ್ ಏಣಿಯ ಮೆಟ್ಟಿಲುಗಳು ಎಲ್ಲರಿಗೂ ಗೊತ್ತಿರುವಂಥವೇ. ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ಅಕಾಡೆಮಿಯಲ್ಲಿ ತರಬೇತಿ, ಕೊಳ್ಳೇಗಾಲದಂಥ ಉಪವಿಭಾಗದಲ್ಲಿ ಎಎಸ್‌ಪಿ, ಜಿಲ್ಲೆಗೆ ಎಸ್‌ಪಿ, ಆಮೇಲೆ ಡಿಐಜಿ, ಐಜಿ, ಎಡಿಜಿಪಿ, ಕೊನೆಗೆ ಡಿಜಿಪಿ. ನಗರಕ್ಕೆ ಬಂದರೆ ಎಸ್‌ಪಿ ದರ್ಜೆಯವರೇ ಡಿಸಿಪಿ ಎನಿಸಿಕೊಳ್ಳುತ್ತಾರೆ. ಬದಲಾಗುವುದು ಹೆಸರೊಂದೇ ಆಗಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಬದಲಾಗುವುದು ಅಧಿಕಾರ.

ಬೆಂಗಳೂರಿಗೆ ಕಮಿಷನರ್ ವ್ಯವಸ್ಥೆ ಬಂದದ್ದು 1963ರಲ್ಲಿ. ಮೊದಲ ಕಮಿಷನರ್ ಸಿ. ಚಾಂಡಿ. ಹನೂರಿನಲ್ಲೋ ಯಳಂದೂರಿನಲ್ಲೋ ಗಲಾಟೆಯಾಗಿ ನಾಲ್ಕು ಜನ ಗುಂಪು ಸೇರಬಾರದೆಂದು ನಿಷೇಧಾಜ್ಞೆ ಹಾಕಬೇಕಾದರೆ ಪೊಲೀಸರು ತಹಶೀಲ್ದಾರರ, ಉಪವಿಭಾಗಾಧಿಕಾರಿಗಳ ಅಥವಾ ಡಿಸಿಯವರ ಸಹಿಗೆ ಕಾಯುತ್ತಾರೆ. ರೌಡಿಯೊಬ್ಬನನ್ನು ಗಡೀಪಾರು ಮಾಡಬೇಕಾದರೂ ಕಡತ ಕಂದಾಯ ಅಧಿಕಾರಿಯ ಮೇಜಿಗೆ ಹೋಗುತ್ತದೆ. ಬೆಂಗಳೂರಿನಲ್ಲಿ ಹಾಗಿಲ್ಲ. ಅಲ್ಲಿ ಕಮಿಷನರೇ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್. ಹಿಡಿಯುವವರೂ ಅವರ ಕೈಕೆಳಗಿನವರು, ಆಜ್ಞೆಗೆ ಸಹಿ ಹಾಕುವವರೂ ಅವರೇ. ಮೆರವಣಿಗೆಗೆ ಅನುಮತಿ, ಬಾರಿನ ಬಾಗಿಲು ಹಾಕುವ ಹೊತ್ತು, ಯಾವ ರಸ್ತೆ ಒನ್ ವೇ ಎಂಬುದೆಲ್ಲ ಒಂದೇ ಕಚೇರಿಯ ಅಪ್ಪಣೆ. ಹೀಗೆ ಎರಡು ಅಧಿಕಾರ ಒಬ್ಬರಲ್ಲೇ ಕೂಡಿಕೊಂಡಾಗ ಆ ಕುರ್ಚಿಗೆ ಬರುವ ಮನುಷ್ಯ ಎಲ್ಲಿ ಪಳಗಿದವನು ಎಂದು ಕೇಳುವುದು ನ್ಯಾಯ.

ಬಿದರಿ ಪಳಗಿದ್ದು ಎಲ್ಲಿ ಎಂದು ತಿಳಿಯಲು 1990ರ ಸುಮಾರಿಗೆ ಹಿಂದಿರುಗಬೇಕು.

ಆಗ ಹನೂರು ತಾಲ್ಲೂಕು ಆಗಿರಲಿಲ್ಲ, ಚಾಮರಾಜನಗರ ಜಿಲ್ಲೆಯೂ ಆಗಿರಲಿಲ್ಲ. ಜಿಲ್ಲೆಯಾದದ್ದು 1997ರಲ್ಲಿ. ಇದೆಲ್ಲ ಕೊಳ್ಳೇಗಾಲ ತಾಲ್ಲೂಕು, ಮೈಸೂರು ಜಿಲ್ಲೆ. ಇನ್ನೂ ಹಿಂದಕ್ಕೆ ಹೋದರೆ, 1956ರವರೆಗೆ ಕೊಳ್ಳೇಗಾಲ ಸೇರಿದ್ದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ. ರಾಜ್ಯಗಳ ಗಡಿ ಕಾಗದದ ಮೇಲೆ ಬಂದದ್ದು ಈಚೆಗೆ. ಕಾಡಿನ ದಾರಿ, ಸಂತೆ, ನೆಂಟಸ್ತಿಕೆ ಅದಕ್ಕೂ ಹಳೆಯವು. ಮೈಸೂರಿನ ಕಚೇರಿಯಲ್ಲಿ ಕುಳಿತು ನಕ್ಷೆ ನೋಡಿದವರಿಗೆ ಕಾಣದ ಸಂಗತಿ ಇದು. ಪಾಲಾರ್ ಹಳ್ಳದ ಆಚೆಗೊಂದು ಪೊಲೀಸ್, ಈಚೆಗೊಂದು ಪೊಲೀಸ್. ನಡುವೆ ಸಲೀಸಾಗಿ ಓಡಾಡುವ ವೀರಪ್ಪನ್.

ಆನೆದಂತ, ಗಂಧದ ಕಳ್ಳಸಾಗಣೆ ಎಂದು ಆರಂಭವಾದದ್ದು ಬಹುಬೇಗ ಸರ್ಕಾರಿ ನೌಕರರ ಹತ್ಯೆಯಾಗಿ ಬೆಳೆಯಿತು. ಕರ್ನಾಟಕ 1990ರಲ್ಲಿ ಕಾರ್ಯಪಡೆ ರಚಿಸಿತು. 1991ರ ನವೆಂಬರ್ 10ರಂದು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆಯಾಯಿತು. ವೀರಪ್ಪನ್ ಹುಟ್ಟೂರು ಗೋಪಿನಾಥಂನಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿ, ಊರಿನವರ ಮನಸ್ಸು ಗೆಲ್ಲಲು ಹೊರಟಿದ್ದವರು ಅವರು. ಶರಣಾಗುತ್ತೇನೆಂಬ ವೀರಪ್ಪನ್ ಮಾತು ನಂಬಿ ಹೋದರು. ಮರಣೋತ್ತರವಾಗಿ ಕೀರ್ತಿಚಕ್ರ ಬಂತು. ಪೊಲೀಸ್ ಅಧಿಕಾರಿಗಳ ಕಥೆಯ ನಡುವೆ ಒಬ್ಬ ಅರಣ್ಯಾಧಿಕಾರಿಯನ್ನು ನೆನೆಯಲು ಕಾರಣವಿದೆ. ಊರಿನವರನ್ನು ಜೊತೆಗಿಟ್ಟುಕೊಂಡೇ ಈ ಕೆಲಸ ಆಗಬೇಕೆಂದು ತಿಳಿದಿದ್ದ ಮನುಷ್ಯ ಹೀಗೆ ಸತ್ತದ್ದರಿಂದ, ಆ ದಾರಿಯೇ ತಪ್ಪು ಎಂಬ ಭಾವನೆ ಖಾಕಿಯೊಳಗೆ ಗಟ್ಟಿಯಾಗಿರಬೇಕು.

ಮುಂದಿನ ವರ್ಷ ಮೇ ತಿಂಗಳಲ್ಲಿ ರಾಮಾಪುರ ಠಾಣೆಯ ಮೇಲೆ ರಾತ್ರಿ ದಾಳಿ ನಡೆಯಿತು. ಐವರು ಪೊಲೀಸರು ಸತ್ತರು, ಠಾಣೆಯ ಬಂದೂಕುಗಳು ಕಾಡಿಗೆ ಹೋದವು. ಆಗಸ್ಟ್ 14ರಂದು ಮೀಣ್ಯಂ ಬಳಿ ಮೈಸೂರು ಜಿಲ್ಲಾ ಎಸ್‌ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಜೊತೆಗಿದ್ದ ಪೊಲೀಸರು ಹೊಂಚಿನಲ್ಲಿ ಸಿಕ್ಕಿ ಸತ್ತರು. ಮಾಹಿತಿದಾರನೊಬ್ಬನ ಮಾತು ನಂಬಿ ಹೊರಟ ತಂಡ ಅದು. ಜಿಲ್ಲೆಯ ಎಸ್‌ಪಿಯನ್ನೇ ಕೊಂದದ್ದು ಕರ್ನಾಟಕ ಪೊಲೀಸ್ ಇಲಾಖೆ ಮರೆಯುವಂಥದ್ದಾಗಿರಲಿಲ್ಲ. ಸ್ವಾತಂತ್ರ್ಯ ದಿನದ ಹಿಂದಿನ ದಿನ ಎಂಬುದು ಬೇರೆ.

1993 ಇನ್ನೂ ಕೆಟ್ಟ ವರ್ಷ. ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಜನ ಸತ್ತರು. ಅವರಲ್ಲಿ ಪೊಲೀಸರಿದ್ದರು, ಅರಣ್ಯ ವಾಚರುಗಳಿದ್ದರು, ದಾರಿ ತೋರಿಸಲು ಕರೆತಂದ ಮಾಹಿತಿದಾರರೂ ಇದ್ದರು. ಮೇ 24ರಂದು ಬೆಟ್ಟದ ರಸ್ತೆಯ ರಂಗಸ್ವಾಮಿ ಒಡ್ಡಿನ ಬಳಿ ಎಸ್‌ಪಿ ಗೋಪಾಲ ಹೊಸೂರರ ತಂಡದ ಮೇಲೆ ಗುಂಡಿನ ಮಳೆ. ಅವರ ಜೊತೆಗಿದ್ದ ಪೊಲೀಸರು ಸತ್ತರು, ಅವರಿಗೆ ತೀವ್ರ ಗಾಯ. ಬದುಕಿ ಉಳಿದ ಹೊಸೂರ ಮುಂದೆ ಬೆಂಗಳೂರು ನಗರ ಪೊಲೀಸಿನ ಅಪರಾಧ ವಿಭಾಗದ ಹೊಣೆ ಹೊತ್ತರು. ನೋಡಿ, ಈ ರಸ್ತೆ ಮತ್ತೆ ಇನ್‌ಫೆಂಟ್ರಿ ರಸ್ತೆಗೇ ಹೋಗಿ ಸೇರುತ್ತದೆ.

1993ರಲ್ಲೇ ಶಂಕರ ಬಿದರಿ ಕಾರ್ಯಪಡೆಯ ಕರ್ನಾಟಕ ವಿಭಾಗದ ನೇತೃತ್ವ ವಹಿಸಿಕೊಂಡದ್ದು. 1996ರವರೆಗೆ ಅವರು ಇಲ್ಲಿದ್ದರು. ತಮಿಳುನಾಡಿನ ಕಡೆಯಿಂದ ವಾಲ್ಟರ್ ದೇವಾರಂ. ಗಡಿ ಭದ್ರತಾ ಪಡೆಯೂ ಬಂದು ಸೇರಿತು. ಎರಡು ರಾಜ್ಯಗಳ ಪೊಲೀಸರು ಜಂಟಿಯಾಗಿ ಕೂಂಬಿಂಗ್ ನಡೆಸತೊಡಗಿದರು. ಅಲ್ಲಿಯವರೆಗೆ ಗಡಿ ದಾಟಿದರೆ ಪಾರು ಎಂದಿದ್ದ ಗುಂಪಿಗೆ ಆ ಅನುಕೂಲ ತಪ್ಪಿತು. ಕಾಡಂಚಿನ ಊರುಗಳಿಂದ ಅಕ್ಕಿ, ಬೇಳೆ, ಬ್ಯಾಟರಿ ಸೆಲ್ಲು, ಮಾತ್ರೆ ಒಳಗೆ ಹೋಗದಂತೆ ಕಾವಲು ಬಿತ್ತು. ನೂರರ ಮೇಲಿದ್ದ ಗುಂಪು ಮೂರು ವರ್ಷದಲ್ಲಿ ಬೆರಳೆಣಿಕೆಗೆ ಇಳಿಯಿತೆಂಬುದು ಪೊಲೀಸರ ಲೆಕ್ಕ. ಆ ಲೆಕ್ಕ ಬಹುಮಟ್ಟಿಗೆ ನಿಜ. ಮುಂದೆ ವೀರಪ್ಪನ್ ಠಾಣೆಗಳ ಮೇಲೆ ಬೀಳುವುದು ಬಿಟ್ಟು ಅಪಹರಣಕ್ಕೆ ಇಳಿದದ್ದಕ್ಕೆ ಜನಬಲ ಕುಂದಿದ್ದೂ ಒಂದು ಕಾರಣ.

ಬಿದರಿಯವರ ಈ ಮೂರು ವರ್ಷಗಳ ಬಗ್ಗೆ ಪೊಲೀಸರ ನಡುವೆ ಮೆಚ್ಚುಗೆ ಈಗಲೂ ಇದೆ. ಕಚೇರಿಯಿಂದ ವೈರ್‌ಲೆಸ್‌ನಲ್ಲಿ ಆದೇಶ ಕೊಡುವ ಅಧಿಕಾರಿಗಳನ್ನು ಕಂಡಿದ್ದ ಪೇದೆಗಳಿಗೆ, ಬೆಟ್ಟದ ಮೇಲೇ ಬೀಡುಬಿಟ್ಟು ಜೊತೆಗೆ ಕಾಡು ಸುತ್ತುವ ಡಿಐಜಿ ಹೊಸಬರಾಗಿ ಕಂಡಿರಬೇಕು. ಆ ಮೆಚ್ಚುಗೆಯನ್ನು ಸುಳ್ಳೆನ್ನಲು ಕಾರಣವಿಲ್ಲ.

ಆದರೆ ಅದೇ ಬೆಟ್ಟದ ಮೇಲೆ ಇನ್ನೊಂದು ಮಾತೂ ಹುಟ್ಟಿಕೊಂಡಿತು. ವಿಚಾರಣೆಗೆಂದು ಜನರನ್ನು ಕರೆದೊಯ್ಯುತ್ತಿದ್ದ ಜಾಗವನ್ನು ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದರು. ಸೋಲಿಗರ ಪೋಡುಗಳಿಂದ, ತಮಿಳು ಮಾತಾಡುವ ರೈತರ ದೊಡ್ಡಿಗಳಿಂದ ಗಂಡಸರನ್ನೂ ಹೆಂಗಸರನ್ನೂ ಹಿಡಿದು ತಂದು, ಹೊಡೆದು, ಕರೆಂಟು ಕೊಟ್ಟು ಬಾಯಿ ಬಿಡಿಸುತ್ತಿದ್ದರೆಂಬುದು ಆಮೇಲೆ ಮಾನವ ಹಕ್ಕುಗಳ ಆಯೋಗದ ಸಮಿತಿಯ ಮುಂದೆ ಜನ ಹೇಳಿದ್ದು. ಕಾಡಿನವನಿಗೆ ಅಕ್ಕಿ ಕೊಡದಿದ್ದರೆ ಅವನು ಕೊಲ್ಲುತ್ತಾನೆ, ಕೊಟ್ಟರೆ ಪೊಲೀಸರು ಎಳೆದೊಯ್ಯುತ್ತಾರೆ. ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಜನ ಮೈಸೂರು ಜೈಲು ಸೇರಿದರು. ಜಾಮೀನು ಸುಲಭವಾಗಿ ಸಿಗದ ಕಾಯ್ದೆ ಅದು. ವರ್ಷಗಟ್ಟಲೆ ಒಳಗಿದ್ದ ಮೇಲೆ 2001ರ ಸೆಪ್ಟೆಂಬರಿನಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ ತೀರ್ಪು ಕೊಟ್ಟಾಗ ಶಿಕ್ಷೆಯಾದದ್ದು 14 ಜನಕ್ಕೆ. ಉಳಿದ ಬಹುಪಾಲು ಆರೋಪಿಗಳು ಖುಲಾಸೆಯಾದರು.

ಆ 14 ಜನರಲ್ಲಿ ನಾಲ್ವರ ಕಥೆ ಮುಂದೆಯೂ ಬೆಳೆಯಿತು. ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಅವರಿಗಿದ್ದ ಜೀವಾವಧಿ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2004ರ ಜನವರಿಯಲ್ಲಿ ಮರಣದಂಡನೆಗೆ ಏರಿಸಿತು. ಹತ್ತು ವರ್ಷದ ನಂತರ, 2014ರ ಜನವರಿ 21ರಂದು, ಕ್ಷಮಾದಾನದ ಅರ್ಜಿ ತೀರ್ಮಾನಿಸಲು ವಿಪರೀತ ವಿಳಂಬವಾಯಿತೆಂಬ ಕಾರಣಕ್ಕೆ ಅದೇ ನ್ಯಾಯಾಲಯ ಅದನ್ನು ಮತ್ತೆ ಜೀವಾವಧಿಗೆ ಇಳಿಸಿತು.

ಕಾರ್ಯಪಡೆಯ ಮೇಲಿನ ಆರೋಪಗಳ ವಿಚಾರಣೆಗೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಒಂದು ಸಮಿತಿ ನೇಮಿಸಿತು. ಸಿಬಿಐ ನಿರ್ದೇಶಕರಾಗಿದ್ದ ಸಿ.ವಿ. ನರಸಿಂಹನ್ ಅದರ ಇನ್ನೊಬ್ಬ ಸದಸ್ಯರು. ಒಬ್ಬರು ನ್ಯಾಯಾಧೀಶರು, ಒಬ್ಬರು ಪೊಲೀಸು. ಹೀಗಾಗಿ ಪೊಲೀಸರ ಕಷ್ಟ ಅರಿಯದ ಸಮಿತಿ ಎಂದು ಯಾರೂ ಆಕ್ಷೇಪಿಸುವಂತಿರಲಿಲ್ಲ. ವರದಿ ಸಿದ್ಧವಾದದ್ದು 2003ರ ಡಿಸೆಂಬರಿನಲ್ಲಿ. 2007ರ ಜನವರಿಯಲ್ಲಿ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಹೇಳಿತು. ತಮ್ಮ ಮೇಲಿನ ಆರೋಪಗಳನ್ನು ಬಿದರಿ ಅಲ್ಲಗಳೆದಿದ್ದಾರೆ; ಯಾವ ನ್ಯಾಯಾಲಯವೂ ಅವರನ್ನು ಅಪರಾಧಿ ಎಂದಿಲ್ಲ. ಈ ಎರಡು ಮಾತನ್ನೂ ಹೇಳದೆ ಮುಂದೆ ಹೋಗುವುದು ಅನ್ಯಾಯವಾಗುತ್ತದೆ. 89 ಜನರನ್ನು ಹೇಳದೆ ಹೋಗುವುದೂ ಅಷ್ಟೇ.

ಕಾಡಿನಲ್ಲಿ ನಡೆದದ್ದು ಕಾಡಿನಲ್ಲೇ ಉಳಿಯುತ್ತದೆಂದು ಬೆಂಗಳೂರು ನಂಬಿಕೊಂಡಿತ್ತು. 2000ನೇ ಇಸವಿ ಜುಲೈ 30ರ ರಾತ್ರಿ ಆ ನಂಬಿಕೆ ಹೋಯಿತು. ದೊಡ್ಡ ಗಾಜನೂರಿನ ಮನೆಯಿಂದ ನಟ ರಾಜಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ಮಾರನೆಯ ದಿನ ಬೆಂಗಳೂರು ಬಂದ್. ನೂರೆಂಟು ದಿನ ನಗರದ ಪೊಲೀಸರು ತಮ್ಮ ಕೈಯಲ್ಲಿಲ್ಲದ ಒಂದು ಸುದ್ದಿಗಾಗಿ ಬೀದಿ ಕಾಯುತ್ತಾ ನಿಂತರು. ನವೆಂಬರ್ 15ರಂದು ರಾಜಕುಮಾರ್ ಬಿಡುಗಡೆಯಾಗುವವರೆಗೂ ಕಾಡಿನ ಒಂದೊಂದು ಕ್ಯಾಸೆಟ್ಟಿಗೂ ನಗರದ ಬಂದೋಬಸ್ತು ಏರುತ್ತಿತ್ತು, ಇಳಿಯುತ್ತಿತ್ತು.

ಆ ದಿನಗಳಲ್ಲಿ ಒಬ್ಬ ಮುದುಕರು ಎರಡು ಸರ್ಕಾರಗಳ ಎದುರು ನಿಂತರು. ಅಬ್ದುಲ್ ಕರೀಂ, ನಿವೃತ್ತ ಪೊಲೀಸ್ ಅಧಿಕಾರಿ, ಮೀಣ್ಯಂನಲ್ಲಿ ಸತ್ತ ಶಕೀಲ್ ಅಹಮದರ ತಂದೆ. ರಾಜಕುಮಾರರ ಬಿಡುಗಡೆಗಾಗಿ ಮೈಸೂರು ಜೈಲಿನ ಟಾಡಾ ಆರೋಪಿಗಳ ಮೇಲಿನ ಮೊಕದ್ದಮೆ ಕೈಬಿಡಲು ಸರ್ಕಾರ ಹೊರಟಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. ಇಡೀ ನಾಡು ಒಬ್ಬ ನಟನಿಗಾಗಿ ಕಣ್ಣೀರಿಡುತ್ತಿದ್ದಾಗ ಈ ಅರ್ಜಿ ಹಾಕಲು ಎಂಥ ಗುಂಡಿಗೆ ಬೇಕು, ಯೋಚಿಸಿ. 2000ದ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಮೊಕದ್ದಮೆ ಹಿಂತೆಗೆಯುವ ಪ್ರಯತ್ನ ನಿಂತಿತು. ಆ ತೀರ್ಪಿನಿಂದಾಗಿ ಮುಂದೆ ಖುಲಾಸೆಯಾಗಲಿದ್ದ ಎಷ್ಟೋ ಬಡವರು ಇನ್ನೂ ಕೆಲವು ತಿಂಗಳು ಜೈಲಿನಲ್ಲೇ ಉಳಿದರು ಎಂಬುದೂ ನಿಜ. ಮಗನನ್ನು ಕಳೆದುಕೊಂಡ ತಂದೆಯ ನ್ಯಾಯ, ಸುಮ್ಮನೆ ಸಿಕ್ಕಿಬಿದ್ದವರ ನ್ಯಾಯ ಒಂದೇ ಕಡತದಲ್ಲಿ ಹೀಗೆ ಎದುರುಬದುರಾದದ್ದು ಈ ಸೀಮೆಯ ಚರಿತ್ರೆಯಲ್ಲಿ ಅದೊಂದೇ ಸಲವೇನಲ್ಲ.

ಎರಡು ವರ್ಷದ ನಂತರ, 2002ರ ಆಗಸ್ಟ್ 25ರಂದು, ಕಾಮಗೆರೆಯ ಮನೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ವೀರಪ್ಪನ್ ಅಪಹರಿಸಿದ. ಡಿಸೆಂಬರ್ 8ರಂದು ಚೆಂಗಡಿ ಕಾಡಿನಲ್ಲಿ ಅವರ ಶವ ಸಿಕ್ಕಿತು. ಈ ಸಭೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ಚೆನ್ನೈ ಕಮಿಷನರ್ ಆಗಿದ್ದ ವಿಜಯಕುಮಾರ್ ತಮಿಳುನಾಡು ಕಾರ್ಯಪಡೆಗೆ ಬಂದ ಮೇಲೆ ಆಟದ ರೀತಿ ಬದಲಾಯಿತು. ಕಾಡಿನೊಳಗೆ ನುಗ್ಗುವ ಬದಲು ವೀರಪ್ಪನ್ ತಾನೇ ಹೊರಗೆ ಬರುವಂತೆ ಮಾಡುವುದು. ಕಣ್ಣಿನ ಚಿಕಿತ್ಸೆಗೆಂದು ವೀರಪ್ಪನ್ ಹೊರಗೆ ಬರಬೇಕಿತ್ತು. ಪೊಲೀಸರು ತಮ್ಮವರನ್ನೇ ನಂಬಿಗಸ್ತರ ವೇಷದಲ್ಲಿ ಕಳಿಸಿ, ಆಂಬುಲೆನ್ಸ್ ಹತ್ತಿಸಿಕೊಂಡರು. 2004ರ ಅಕ್ಟೋಬರ್ 18ರ ರಾತ್ರಿ ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ ಆ ಆಂಬುಲೆನ್ಸಿಗೆ ಅಡ್ಡ ಹಾಕಿ ವೀರಪ್ಪನ್ ಮತ್ತು ಅವನ ಮೂವರು ಸಂಗಡಿಗರನ್ನು ಹೊಡೆದುರುಳಿಸಿದರು. ಆಗ ಕರ್ನಾಟಕ ಕಾರ್ಯಪಡೆಯ ಮುಖ್ಯಸ್ಥರಾಗಿದ್ದವರು ಮಿರ್ಜಿ. ಆ ಕಾರ್ಯಾಚರಣೆಯ ವಿವರಗಳ ಬಗ್ಗೆ ಅನುಮಾನ ಎತ್ತಿದವರು ಇದ್ದಾರೆ. ಒಂದಂತೂ ಸ್ಪಷ್ಟ. ಹತ್ತಾರು ವರ್ಷ ಸಾವಿರಾರು ಜನ ಕಾಡು ಜಾಲಾಡಿ ಸಾಧಿಸಲಾಗದ್ದನ್ನು ಕೆಲವೇ ಜನರ ಗುಟ್ಟು ಮತ್ತು ತಾಳ್ಮೆ ಸಾಧಿಸಿತು. ಗಲ್ಲಿಯೊಳಗೆ ಅವಿತ ರೌಡಿಯನ್ನು ಅವನ ನಂಬಿಕೆಯವರ ಮೂಲಕವೇ ಹೊರಗೆಳೆಯುವುದು ನಗರದ ಕ್ರೈಂ ಬ್ರಾಂಚಿನ ಹಳೆಯ ವರಸೆ. ಊರಿಗೆ ಊರನ್ನೇ ಎಳೆದು ತಂದು ವಿಚಾರಿಸುವ ಅಗತ್ಯ ಅದಕ್ಕಿರಲಿಲ್ಲ.

ಬಿದರಿ ಬೆಂಗಳೂರಿನ ಕಮಿಷನರ್ ಆದದ್ದು 2008ರಲ್ಲಿ. ಅದೇ ವರ್ಷ ಜುಲೈ 25ರ ಮಧ್ಯಾಹ್ನ ಮಡಿವಾಳ, ನಾಯಂಡಹಳ್ಳಿ, ಆಡುಗೋಡಿ ಸೇರಿ ನಗರದ ಹಲವು ಕಡೆ ಒಂದರ ಹಿಂದೊಂದು ಬಾಂಬ್ ಸಿಡಿದವು. ಮಡಿವಾಳದ ಬಸ್ ತಂಗುದಾಣದಲ್ಲಿದ್ದ ಮಹಿಳೆಯೊಬ್ಬರು ಸತ್ತರು. ಕಡಿಮೆ ಶಕ್ತಿಯ ಬಾಂಬುಗಳಾದ್ದರಿಂದ ಸಾವು ಹೆಚ್ಚಲಿಲ್ಲ; ಹೆದರಿಕೆ ಹೆಚ್ಚಿತು. ತನಿಖೆ ಕೇರಳಕ್ಕೆ ಹೋಯಿತು. 2010ರ ಆಗಸ್ಟಿನಲ್ಲಿ ಪ್ರಕರಣದ ಆರೋಪಿ ಅಬ್ದುಲ್ ನಾಸರ್ ಮದನಿಯನ್ನು ಕೇರಳದಿಂದ ಬಂಧಿಸಿ ತಂದರು. ಅದಕ್ಕೂ ಮೊದಲು, ಅದೇ ವರ್ಷದ ಏಪ್ರಿಲ್ 17ರಂದು, ಐಪಿಎಲ್ ಪಂದ್ಯಕ್ಕೆ ಮುನ್ನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟಿನ ಬಳಿ ಬಾಂಬ್ ಸಿಡಿಯಿತು. ಆವತ್ತು ಪಂದ್ಯ ನಡೆಯಲಿ ಎಂಬ ತೀರ್ಮಾನವಾಯಿತು. ಒಳಗೆ ತುಂಬಿದ್ದ ಸಾವಿರಾರು ಜನ ಒಮ್ಮೆಲೇ ಹೊರಗೆ ನುಗ್ಗಿದ್ದರೆ ಬಾಂಬಿಗಿಂತ ದೊಡ್ಡ ಅನಾಹುತವಾಗುತ್ತಿತ್ತು. ಆ ಗಳಿಗೆಯಲ್ಲಿ ಅದು ಸರಿಯಾದ ಲೆಕ್ಕ.

ರಾತ್ರಿ ಹನ್ನೊಂದೂವರೆಗೆ ಬಾರುಗಳ ಬಾಗಿಲು ಹಾಕಿಸುವುದು, ಲೈವ್ ಬ್ಯಾಂಡುಗಳ ಮೇಲೆ ಬಿಗಿ ಮಾಡುವುದು ಅವರ ಕಾಲದ ಇನ್ನೊಂದು ಗುರುತು. ಐಟಿ ಕಂಪನಿಗಳ ಹುಡುಗರು ಬೈದುಕೊಂಡರು, ಬಡಾವಣೆಗಳ ಹಿರಿಯರು ಶಹಬ್ಬಾಸ್ ಅಂದರು. ನಗರದ ಕಮಿಷನರ್ ಮಾಡುವ ಯಾವ ಕೆಲಸಕ್ಕೂ ನಗರ ಒಂದೇ ದನಿಯಲ್ಲಿ ಮಾತಾಡಿದ್ದಿಲ್ಲ.

2011ರ ನವೆಂಬರ್ ಕೊನೆಯಲ್ಲಿ ಸರ್ಕಾರ ಅವರನ್ನು ರಾಜ್ಯದ ಡಿಜಿಪಿಯಾಗಿ ನೇಮಿಸಿತು. ಕಮಿಷನರ್ ಕುರ್ಚಿಗೆ ಮಿರ್ಜಿ ಬಂದರು. ಸೇವಾ ಹಿರಿತನದಲ್ಲಿ ತಾವು ಮುಂದಿರುವುದಾಗಿ ಹೇಳಿ ಇನ್ನೊಬ್ಬ ಹಿರಿಯ ಅಧಿಕಾರಿ ಎ.ಆರ್. ಇನ್‌ಫ್ಯಾಂಟ್ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋದರು. ಮೇಲ್ನೋಟಕ್ಕೆ ಇದು ಇಬ್ಬರು ಅಧಿಕಾರಿಗಳ ನಡುವಿನ ಬಡ್ತಿಯ ತಕರಾರು. ಪತ್ರಿಕೆಗಳ ಒಳಪುಟಕ್ಕೆ ಹೋಗಬೇಕಾದ ಸುದ್ದಿ. ಆದರೆ 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೊಸ ಕಟ್ಟಳೆ ತಂದಿತ್ತು. ಡಿಜಿಪಿ ಆಗುವವರ ಹೆಸರನ್ನು ಯುಪಿಎಸ್‌ಸಿ ಸೋಸಿ ಪಟ್ಟಿ ಮಾಡಬೇಕು, ಸೋಸುವಾಗ ಅಧಿಕಾರಿಯ ಪೂರ್ತಿ ಸೇವಾ ದಾಖಲೆ ನೋಡಬೇಕು. ಹಾಗಾದರೆ ಸದಾಶಿವ ಸಮಿತಿಯ ಮುಂದೆ ಜನ ಹೇಳಿದ್ದು ಯುಪಿಎಸ್‌ಸಿಯ ಮೇಜಿನ ಮೇಲಿತ್ತೇ? ಇರಲಿಲ್ಲ ಎಂಬುದೇ ಪ್ರಶ್ನೆಯಾಯಿತು. 2012ರ ಮಾರ್ಚ್‌ನಲ್ಲಿ ನ್ಯಾಯಮಂಡಳಿ ನೇಮಕ ರದ್ದು ಮಾಡಿತು, ಅದೇ ತಿಂಗಳು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಡಿಜಿಪಿ ಹುದ್ದೆಗೆ ಇನ್‌ಫ್ಯಾಂಟ್ ಬಂದರು. ಮೇ 31ರಂದು ಬಿದರಿ ನಿವೃತ್ತರಾದರು.

ಬೆಟ್ಟದ ಮೇಲಿನ ಹೆಂಗಸರು, ಗಂಡಸರು ಹೆದರುತ್ತಾ ಹೇಳಿಕೆ ಬರೆಸಿದಾಗ, ಅದು ರಾಜ್ಯದ ಅತ್ಯುನ್ನತ ಪೊಲೀಸ್ ಹುದ್ದೆಯ ನೇಮಕದ ಕಡತಕ್ಕೆ ಹೋಗಿ ಮುಟ್ಟುತ್ತದೆಂದು ಯಾರೂ ಎಣಿಸಿರಲಾರರು. ಹೈಕೋರ್ಟಿಗೆ ಹೋದವರು ಅವರಲ್ಲ. ಹುದ್ದೆಗಾಗಿ ಪೈಪೋಟಿಗಿಳಿದ ಇನ್ನೊಬ್ಬ ಹಿರಿಯ ಅಧಿಕಾರಿಯ ಮೊಕದ್ದಮೆಯ ಬಾಲ ಹಿಡಿದು ಅವರ ಮಾತು ಒಳಗೆ ಬಂತು. ಸಂತೋಷಪಡಬೇಕೋ ನಾಚಿಕೆಪಡಬೇಕೋ ತಿಳಿಯದಂಥ ಸಂಗತಿ ಇದು. ಪೊಲೀಸರ ತಪ್ಪೊಪ್ಪುಗಳನ್ನು ಅಳೆಯಲು ಈ ದೇಶದಲ್ಲಿರುವ ತಕ್ಕಡಿ ಪೊಲೀಸರ ಬಡ್ತಿಯ ಜಗಳವಾದರೆ ಸಾಲದು.

ಕಮಿಷನರ್ ಕುರ್ಚಿಯ ನಿಜವಾದ ಪರೀಕ್ಷೆ ಬಾಂಬಲ್ಲ, ರೌಡಿಯಲ್ಲ, ಜನಸಂದಣಿ. 2006ರ ಏಪ್ರಿಲ್ 12ರಂದು ರಾಜಕುಮಾರ್ ತೀರಿಕೊಂಡರು. ಮಾರನೆಯ ದಿನದ ಅಂತಿಮ ಯಾತ್ರೆಯ ಗಲಭೆಯಲ್ಲಿ ಜನ ಸತ್ತರು, ಒಬ್ಬ ಪೊಲೀಸ್ ಪೇದೆಯೂ ಸತ್ತರು. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಐಪಿಎಲ್ ಗೆದ್ದಿತು. ಮರುದಿನವೇ ಸಂಭ್ರಮಾಚರಣೆ ಎಂದರು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಜೂನ್ 5ರಂದು ಸರ್ಕಾರ ಕಮಿಷನರ್ ಬಿ. ದಯಾನಂದ ಸೇರಿ ಹಲವು ಅಧಿಕಾರಿಗಳನ್ನು ಅಮಾನತು ಮಾಡಿತು. ರಾತ್ರಿಯಿಡೀ ರಸ್ತೆಯಲ್ಲಿ ಕುಣಿದ ಜನರನ್ನು ಕಾದ ಪೊಲೀಸರಿಗೆ ಬೆಳಗಾಗುವಷ್ಟರಲ್ಲಿ ಇನ್ನೊಂದು ದೊಡ್ಡ ಬಂದೋಬಸ್ತು ಕೊಟ್ಟದ್ದು ಯಾರು ಎಂದು ಕೇಳುವ ಮೊದಲೇ ಆದೇಶ ಹೊರಬಿದ್ದಿತ್ತು.

ಅವರೊಂದಿಗೆ ಅಮಾನತಾಗಿದ್ದ ಹೆಚ್ಚುವರಿ ಕಮಿಷನರ್ ವಿಕಾಸ್ ಕುಮಾರ್ ವಿಕಾಸ್ ನ್ಯಾಯಮಂಡಳಿಯ ಮೆಟ್ಟಿಲೇರಿದರು. ಜುಲೈ 1ರಂದು ಅವರ ಅಮಾನತು ರದ್ದಾಯಿತು. ಉಳಿದ ಅಧಿಕಾರಿಗಳಿಗೂ ಅದೇ ಅನ್ವಯವಾಗಲಿ ಎಂದು ನ್ಯಾಯಮಂಡಳಿ ಹೇಳಿತು. ಜುಲೈ ಮುಗಿಯುವ ಮೊದಲು ಸರ್ಕಾರವೂ ಅಮಾನತು ಹಿಂದಕ್ಕೆ ಪಡೆಯಿತು. ಒಟ್ಟು ಎರಡು ತಿಂಗಳಿಗೂ ಕಡಿಮೆ.

ಅಧಿಕಾರಿಗೆ ಅನ್ಯಾಯವಾದರೆ ಹೋಗಲು ಒಂದು ಬಾಗಿಲಿದೆ, ಅದು ಬೇಗ ತೆರೆಯುತ್ತದೆ. ಅದು ಹಾಗೇ ಇರಬೇಕು. ರಾಜಕಾರಣಿಯ ಸಿಟ್ಟಿಗೆ ಅಧಿಕಾರಿಯನ್ನು ಬಲಿ ಕೊಡುವ ಊರಿನಲ್ಲಿ ಯಾವ ಅಧಿಕಾರಿಯೂ ‘ಇಲ್ಲ’ ಎನ್ನುವ ಧೈರ್ಯ ಮಾಡಲಾರ. ಆದರೆ ಮಾರ್ಟಳ್ಳಿಯ, ಮೀಣ್ಯಂನ, ಬೆಟ್ಟದ ಪೋಡುಗಳ ಜನರಿಗೆ ಇದ್ದ ಬಾಗಿಲು ಬೇರೆ. 1993ರಿಂದ 1996ರ ನಡುವೆ ನಡೆದದ್ದಕ್ಕೆ 1999ರಲ್ಲಿ ಸಮಿತಿ, 2003ರಲ್ಲಿ ವರದಿ, 2007ರಲ್ಲಿ ಪರಿಹಾರದ ಶಿಫಾರಸು. ಆ ನಡುವೆ ಒಬ್ಬ ಡಿಐಜಿ ಐಜಿಯಾಗಿ, ಎಡಿಜಿಪಿಯಾಗಿ, ಕಮಿಷನರ್ ಕುರ್ಚಿಯ ಹೊಸ್ತಿಲಿಗೆ ಬರುವಷ್ಟು ಕಾಲ ಸರಿದಿತ್ತು. ಇವತ್ತು ಈ ಸಭೆಯಲ್ಲಿ ಕುಳಿತ ಮಕ್ಕಳಲ್ಲಿ ಯಾರಾದರೂ ಮುಂದೆ ಇನ್‌ಫೆಂಟ್ರಿ ರಸ್ತೆಯ ಆ ಕೋಣೆಗೆ ಹೋದರೆ, ಅವರ ಮೊದಲ ಪೋಸ್ಟಿಂಗ್ ಯಾವುದೋ ರಾಮಾಪುರದಲ್ಲೇ ಆಗಿರುತ್ತದೆ. ಅಲ್ಲಿನ ಸ್ಟೇಷನ್ ಡೈರಿಯಲ್ಲಿ ಯಾರನ್ನು ಎಷ್ಟು ಹೊತ್ತಿಗೆ ಕರೆತಂದರು, ಎಷ್ಟು ಹೊತ್ತಿಗೆ ಬಿಟ್ಟರು ಎಂದು ಬರೆಯುವವರೂ ಅವರ ಕೈಕೆಳಗಿನವರೇ ಆಗಿರುತ್ತಾರೆ.